77 ಟೆರಾಬೈಟ್ ಕಳೆದುಕೊಂಡ ಕ್ಯೋಟೊ

2021ರ ಡಿಸೆಂಬರ್ 14ರಿಂದ 16ರ ನಡುವೆ ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದ ಸೂಪರ್‌ಕಂಪ್ಯೂಟರ್ ಸಂಗ್ರಹದಿಂದ ಸುಮಾರು 77 ಟೆರಾಬೈಟ್ ದತ್ತಾಂಶ ಅಳಿಸಿಹೋಯಿತು. ಕಡತಗಳ ಲೆಕ್ಕದಲ್ಲಿ ಅದು ಹೆಚ್ಚುಕಡಿಮೆ 3.4 ಕೋಟಿ. ಪೆಟ್ಟು ಬಿದ್ದದ್ದು 14 ಸಂಶೋಧನಾ ತಂಡಗಳಿಗೆ. ಅವುಗಳಲ್ಲಿ 4 ತಂಡಗಳ ಕಡತಗಳು ಬ್ಯಾಕಪ್‌ನಿಂದಲೂ ಮರಳಿ ಸಿಗಲಿಲ್ಲ. ಯಾರೂ ಕನ್ನ ಹಾಕಿರಲಿಲ್ಲ, ಯಾವ ಡಿಸ್ಕೂ ಕೆಟ್ಟಿರಲಿಲ್ಲ. ದತ್ತಾಂಶ ಕಾಯಲೆಂದೇ ಇದ್ದ ಬ್ಯಾಕಪ್ ಪ್ರೋಗ್ರಾಂ ಅದನ್ನು ಅಳಿಸಿತ್ತು.

10 ದಿನಕ್ಕಿಂತ ಹಳೆಯದಾದ ಲಾಗ್ ಫೈಲುಗಳನ್ನು ತೆಗೆದುಹಾಕುವ ಆಜ್ಞೆಯೊಂದು ಆ ಪ್ರೋಗ್ರಾಂನ ಸ್ಕ್ರಿಪ್ಟ್‌ನಲ್ಲಿತ್ತು. ವ್ಯವಸ್ಥೆಯನ್ನು ಪೂರೈಸಿದ್ದ ಹ್ಯೂಲೆಟ್ ಪ್ಯಾಕರ್ಡ್‌ನ ಜಪಾನ್ ಕಂಪನಿ ಸ್ಕ್ರಿಪ್ಟ್ ತಿದ್ದಿ, ಹಳೆಯದು ಇನ್ನೂ ಓಡುತ್ತಿರುವಾಗಲೇ ಅದರ ಮೇಲೆ ಹೊಸದನ್ನು ಬರೆಯಿತು. ಸ್ಕ್ರಿಪ್ಟ್ ಓಡಿಸುವ ಬ್ಯಾಶ್ ಎಂಬ ಶೆಲ್ ಅದನ್ನು ಒಮ್ಮೆಲೇ ಓದಿಟ್ಟುಕೊಳ್ಳುವುದಿಲ್ಲ. ಓಡಿಸುತ್ತ ಓಡಿಸುತ್ತ ಮುಂದಿನ ಸಾಲು ಓದುತ್ತದೆ. ಹೊಸ ಪ್ರತಿಯನ್ನು ನಡುವಿನಿಂದ ಓದತೊಡಗಿದಾಗ, ಲಾಗ್ ಡೈರೆಕ್ಟರಿಯ ಹೆಸರು ಇರಬೇಕಾದ ವೇರಿಯಬಲ್ ಖಾಲಿಯಾಗಿತ್ತು. ಹಾಗಾಗಿ ಅಳಿಸುವ ಆಜ್ಞೆ ಸಂಶೋಧಕರ ಕಡತಗಳ ಮೇಲೆ ನಡೆಯಿತು. ಪೂರ್ತಿ ಹೊಣೆ ತನ್ನದೇ ಎಂದು ಕಂಪನಿ ಒಪ್ಪಿಕೊಂಡಿತು.

ಇಷ್ಟು ಅಪಾಯವಿದ್ದರೂ ಎಲ್ಲರೂ ದತ್ತಾಂಶವನ್ನು ಒಂದೇ ಕಡೆ ಯಾಕೆ ಇಡಬೇಕು? ವೇಗಕ್ಕಾಗಿ. ನೂರಾರು ಕಂಪ್ಯೂಟರುಗಳು ಏಕಕಾಲಕ್ಕೆ ಓದಿ ಬರೆಯುವಾಗ ಪ್ರಯೋಗಾಲಯದ ಮೂಲೆಯ ಒಂಟಿ ಸರ್ವರ್ ಏದುಸಿರು ಬಿಡುತ್ತದೆ. ಲಸ್ಟರ್‌ನಂಥ ಪ್ಯಾರಲಲ್ ಫೈಲ್ ಸಿಸ್ಟಂ ಒಂದು ದೊಡ್ಡ ಕಡತವನ್ನು ತುಂಡು ಮಾಡಿ ಹಲವು ಸರ್ವರುಗಳಿಗೆ ಹಂಚುತ್ತದೆ. ಎಲ್ಲ ಡಿಸ್ಕುಗಳ ವೇಗವೂ ಒಟ್ಟಿಗೆ ಸಿಗುತ್ತದೆ. 1999ರಲ್ಲಿ ಕಾರ್ನೆಗಿ ಮೆಲನ್‌ನಲ್ಲಿ ಪೀಟರ್ ಬ್ರಾಮ್ ಆರಂಭಿಸಿದ ಆ ಕೆಲಸ ಇಂದು ಜಗತ್ತಿನ ಅನೇಕ ಸೂಪರ್‌ಕಂಪ್ಯೂಟರುಗಳ ಬೆನ್ನಿಗಿದೆ. ಕ್ಯೋಟೊದಲ್ಲಿದ್ದದ್ದೂ ಲಸ್ಟರ್ ಆಧಾರಿತ ಸಂಗ್ರಹವೇ.

ಆದರೆ ಯಾವ ಕಡತದ ಹೆಸರೇನು, ಅದರ ತುಂಡುಗಳು ಎಲ್ಲಿವೆ ಎಂಬ ವಿವರ ಬೇರೆಯೇ ಮೆಟಾಡೇಟಾ ಸರ್ವರ್‌ನಲ್ಲಿರುತ್ತದೆ. ಪ್ರತಿ ಕಡತ ತೆರೆಯಲೂ ಅದನ್ನೇ ಕೇಳಬೇಕಾದ್ದರಿಂದ ತೊಡಕು ಹುಟ್ಟುವುದು ಇಲ್ಲಿ. ವಿದ್ಯಾರ್ಥಿಯೊಬ್ಬ ಲಕ್ಷಾಂತರ ಪುಟ್ಟ ಕಡತಗಳಿರುವ ಪೈಥಾನ್ ಪರಿಸರವನ್ನು ಈ ಹಂಚಿಕೆಯ ಸಂಗ್ರಹದಲ್ಲಿಟ್ಟು ನೂರು ಜಾಬ್‌ಗಳಿಂದ ಒಮ್ಮೆಲೇ ಕರೆದರೆ, ಹವಾಮಾನ ಮಾದರಿ ಓಡಿಸುತ್ತಿರುವ ಪಕ್ಕದ ತಂಡವೂ ಕುಂಟುತ್ತದೆ. ಹಾಗಾಗಿ ಜಾಗಕ್ಕಷ್ಟೇ ಅಲ್ಲ, ಕಡತಗಳ ಸಂಖ್ಯೆಗೂ ಕೋಟಾ ಬೇಕು. ಇದನ್ನು ಕಿರುಕುಳವೆಂದು ಗೊಣಗುವ ಪ್ರಾಧ್ಯಾಪಕರಿದ್ದಾರೆ. ನನಗೆ ಇದು ಹಂಚಿಕೊಂಡು ಬಾಳುವ ಮೊದಲ ಕರಾರು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪನೆಯಾದ ಪರಮ್ ಪ್ರವೇಗ ಸೂಪರ್‌ಕಂಪ್ಯೂಟರ್ ಎಂದರೆ 3.3 ಪೆಟಾಫ್ಲಾಪ್ಸ್ ಎಂಬ ವೇಗದ ಅಂಕಿ ಎಲ್ಲರಿಗೂ ನೆನಪಾಗುತ್ತದೆ. ಅದರ ಜೊತೆಗಿರುವ 4 ಪೆಟಾಬೈಟ್ ಸಂಗ್ರಹವನ್ನು ಯಾರೂ ಎತ್ತಿ ಹೇಳುವುದಿಲ್ಲ. ಲೆಕ್ಕದ ಯಂತ್ರ ಹಳತಾದರೆ ಹೊಸದು ಬರುತ್ತದೆ. ಎಂಟು ವರ್ಷ ಕೂಡಿಸಿದ ಮಾಪನ ಹೋದರೆ ಮತ್ತೆ ಬರುವುದಿಲ್ಲ.

ಪೆಟಾಬೈಟ್‌ಗಟ್ಟಲೆ ದತ್ತಾಂಶವನ್ನೆಲ್ಲ ಬ್ಯಾಕಪ್ ಮಾಡುವುದು ದುಬಾರಿ. ಹಲವು ಕೇಂದ್ರಗಳಲ್ಲಿ ತಾತ್ಕಾಲಿಕ ಕೆಲಸಕ್ಕೆಂದಿರುವ ಸ್ಕ್ರ್ಯಾಚ್ ಜಾಗಕ್ಕೆ ಬ್ಯಾಕಪ್ ಇರುವುದೇ ಇಲ್ಲ, ಹಳೆಯ ಕಡತಗಳನ್ನು ಗಡುವು ಮುಗಿದ ಮೇಲೆ ಅಳಿಸುತ್ತಾರೆ. ಡಿಸ್ಕ್ ಕೆಟ್ಟರೆ ಹಲವು ಡಿಸ್ಕುಗಳನ್ನು ಜೋಡಿಸುವ ರೇಡ್ ವ್ಯವಸ್ಥೆ ಕಾಯುತ್ತದೆ, ತಪ್ಪು ಆಜ್ಞೆಯಿಂದ ಕಾಯುವುದಿಲ್ಲ. ಮೂಲದ ತದ್ರೂಪಾದ ಮಿರರ್ ಪ್ರತಿ ಮಾತ್ರ ಇದ್ದರೆ ಮೂಲದಲ್ಲಿ ಅಳಿದದ್ದು ಮುಂದಿನ ಸರದಿಯಲ್ಲಿ ಅಲ್ಲಿಯೂ ಅಳಿಯಬಹುದು. ಘಟನೆಯ ನಂತರ ಕ್ಯೋಟೊ ವಿಶ್ವವಿದ್ಯಾಲಯ, ಮಿರರ್ ಜೊತೆಗೆ ಬದಲಾವಣೆಗಳನ್ನು ಕೆಲಕಾಲ ಉಳಿಸಿಕೊಳ್ಳುವ ಇನ್‌ಕ್ರಿಮೆಂಟಲ್ ಬ್ಯಾಕಪ್ಪನ್ನೂ ತರುವುದಾಗಿ ಹೇಳಿತು. ಮುಖ್ಯವಾದ ಕಡತಗಳ ಪ್ರತಿಯನ್ನು ಬಳಕೆದಾರರೂ ಇಟ್ಟುಕೊಳ್ಳಬೇಕೆಂದು ಕೇಳಿಕೊಂಡಿತು.

ಸಂಶೋಧನಾ ತಂಡ ನಡೆಸುವವರಲ್ಲಿ ಒಂದು ವಿನಂತಿ. ಮುಂದಿನ ಯೋಜನೆಯ ಬಜೆಟ್ ಬರೆಯುವಾಗ ಟೆರಾಬೈಟ್‌ಗಳ ಪಕ್ಕದಲ್ಲಿ ಅವುಗಳನ್ನು ನೋಡಿಕೊಳ್ಳುವ ವ್ಯಕ್ತಿಯ ಸಂಬಳವನ್ನೂ ಬರೆಯಿರಿ. ನಿಮ್ಮ ಕೇಂದ್ರ ಕೊಟ್ಟಿರುವ ಜಾಗದಲ್ಲಿ ಯಾವುದಕ್ಕೆ ಬ್ಯಾಕಪ್ ಇದೆ, ಯಾವುದಕ್ಕಿಲ್ಲ ಎಂದು ಈ ವಾರವೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.