ಮಾತು ಮರಳಿ ಬರುವ ಬಗೆ

ಪ್ರಶ್ನೆ: ಒಂಬತ್ತನೇ ತರಗತಿಯ ಮಗಳು ‘ಸ್ಪೀಕ್’ ಕಾದಂಬರಿ ಓದುತ್ತಿದ್ದಾಳೆ. ಇಂಥ ನೋವಿನ ಕಥೆ ಈ ವಯಸ್ಸಿಗೆ ಬೇಕೇ?
– ಓದುಗರು, ಮಗರಪಟ್ಟಾ, ಪುಣೆ

ಉತ್ತರ: ಬೇಕು. ಲಾರಿ ಹಾಲ್ಸ್ ಆ್ಯಂಡರ್ಸನ್ ಅವರ ಈ ಕಾದಂಬರಿ ಬಂದದ್ದು 1999ರಲ್ಲಿ. ಅತ್ಯಾಚಾರಕ್ಕೆ ಒಳಗಾದ ಮೆಲಿಂಡಾ ನಡೆದದ್ದನ್ನು ಯಾರಿಗೂ ಹೇಳಲಾರದೆ ಮಾತನ್ನೇ ಕಳೆದುಕೊಳ್ಳುತ್ತಾಳೆ. ಚಿತ್ರಕಲೆಯ ಮೇಷ್ಟ್ರು ವರ್ಷವಿಡೀ ಅವಳಿಗೆ ಕೊಡುವುದು ಒಂದೇ ವಿಷಯ, ಮರ. ಲಿನೋಲಿಯಂ ಮೇಲೆ ಅವಳು ಕೆತ್ತುವ ಮರಗಳು ಮೊದಮೊದಲು ನಿರ್ಜೀವ. ಕೊನೆಗೆ ಮರಕ್ಕೂ ಜೀವ ಬರುತ್ತದೆ, ಅವಳಿಗೂ ಮಾತು ಬರುತ್ತದೆ. ಚೇತರಿಕೆಗೆ ಕಾಲ ಬೇಕು, ತಾಳ್ಮೆಯಿಂದ ಕಾಯುವ ಒಬ್ಬರಾದರೂ ಬೇಕು ಎಂಬುದನ್ನು ಕಥೆ ಉಪದೇಶವಿಲ್ಲದೆ ತೋರಿಸುತ್ತದೆ. ನಮ್ಮ ತ್ರಿವೇಣಿಯವರ ‘ಶರಪಂಜರ’ ಕಾದಂಬರಿಯಲ್ಲೂ ನಾಯಕಿ ಕಾವೇರಿಯ ಮನಸ್ಸಿನ ಕಾಯಿಲೆ ವಾಸಿಯಾಗುತ್ತದೆ, ಸುತ್ತಲಿನವರ ಅನುಮಾನ ಮಾತ್ರ ವಾಸಿಯಾಗುವುದಿಲ್ಲ, ಅವಳು ಮತ್ತೆ ಕುಸಿಯುವುದು ಅದರಿಂದಲೇ.

ಹಳೆಯ ಗಾಯವಿರುವ ಮಗುವನ್ನು ಇಂಥ ಪುಸ್ತಕ ಕೆದಕಬಹುದು ಎಂಬ ಆತಂಕ ಸುಳ್ಳಲ್ಲ. ಕಾದಂಬರಿ ಚಿಕಿತ್ಸೆಯೂ ಅಲ್ಲ. ಆದರೆ ಪುಸ್ತಕ ಕಿತ್ತುಕೊಂಡರೆ, ಈ ವಿಷಯವನ್ನು ಮನೆಯಲ್ಲಿ ಎತ್ತಬಾರದು ಎಂದಷ್ಟೇ ಮಗು ಕಲಿಯುತ್ತದೆ. ಮೆಲಿಂಡಾಳ ಬಾಯಿ ಕಟ್ಟಿದ್ದೂ ಅಂಥ ಭಯವೇ. ಆದ್ದರಿಂದ ನೀವೂ ಓದಿ, ಜೊತೆಗೆ ಕುಳಿತು ಮಾತಾಡಿ. ಮಗಳು ಏನಾದರೂ ಹೇಳಿಕೊಂಡರೆ ಮೊದಲು ನಂಬಿ. ನೆರವಿಗೆ ಮಕ್ಕಳ ಸಹಾಯವಾಣಿ 1098 ಇದೆ.