ವಿದ್ಯಾರ್ಥಿ ವಿವಾದಗಳ ನಿರೂಪಣೆಯಲ್ಲಿ ತಾಟಸ್ಥ್ಯ

೧

ವಿಶ್ವವಿದ್ಯಾನಿಲಯವೊಂದರಲ್ಲಿ ವಾಕ್‌ಸ್ವಾತಂತ್ರ್ಯವನ್ನು ಕುರಿತು ವಿವಾದವುಂಟಾದಾಗ ಅದರ ವೃತ್ತಾಂತವನ್ನು ಬರೆಯುವವರು ಬಹುಮಟ್ಟಿಗೆ ಆ ವಿಶ್ವವಿದ್ಯಾನಿಲಯಕ್ಕೆ ಸೇರಿದವರೇ ಆಗಿರುತ್ತಾರೆ. ಬರೆದವರು ಅಧ್ಯಾಪಕರಾದರೆ ಅವರ ಬರಹದಲ್ಲಿ ಆಡಳಿತದ ಛಾಯೆಯನ್ನು ವಿದ್ಯಾರ್ಥಿಗಳು ಕಾಣುತ್ತಾರೆ. ವಿದ್ಯಾರ್ಥಿಗಳಾದರೆ ಅದನ್ನು ಮನವಿಪತ್ರವೆಂದೇ ಅಧ್ಯಾಪಕರು ಭಾವಿಸುತ್ತಾರೆ. ಸಾಕ್ಷಿಯೇ ನ್ಯಾಯಪೀಠದಲ್ಲಿ ಕುಳಿತಂತಹ ಸನ್ನಿವೇಶವಿದು. ಹೀಗಿರುವಾಗ ಎರಡು ಪಕ್ಷದವರೂ ಓದಿ, ‘ತೀರ್ಮಾನದಲ್ಲಿ ನಮಗೆ ಭಿನ್ನಾಭಿಪ್ರಾಯವಿರಬಹುದು, ಆದರೆ ನಡೆದುದು ಹೀಗೆಯೇ’ ಎನ್ನಬಹುದಾದ ನಿರೂಪಣೆ ಸಾಧ್ಯವೆ? ಸಾಧ್ಯವಾದರೆ ಅದಕ್ಕೆ ಬೇಕಾದ ಎಚ್ಚರಗಳಾವುವು? ಅಮೆರಿಕದ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಬರ್ಕ್ಲಿ ಆವರಣದಲ್ಲಿ ೧೯೬೪ರಲ್ಲಿ ನಡೆದ ಪ್ರಸಿದ್ಧವಾದ ವಿವಾದವನ್ನು ಉದಾಹರಣೆಯಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨

ಮೊದಲು ಘಟನೆಗಳನ್ನು ಸಂಕ್ಷೇಪವಾಗಿ ಹೇಳಬೇಕು. ಬರ್ಕ್ಲಿ ಆವರಣದ ದಕ್ಷಿಣ ದ್ವಾರದಲ್ಲಿ, ಬ್ಯಾಂಕ್ರಾಫ್ಟ್ ಮತ್ತು ಟೆಲಿಗ್ರಾಫ್ ಬೀದಿಗಳು ಕೂಡುವೆಡೆಯ ಕಾಲುದಾರಿಯಲ್ಲಿ, ವಿದ್ಯಾರ್ಥಿ ಸಂಘಗಳವರು ಮೇಜುಗಳನ್ನಿರಿಸಿಕೊಂಡು ಕರಪತ್ರ ಹಂಚುವುದೂ ರಾಜಕೀಯ ಕಾರ್ಯಗಳಿಗೆ ಹಣ ಕೂಡಿಸುವುದೂ ರೂಢಿಯಲ್ಲಿತ್ತು. ಆ ನೆಲ ನಗರಸಭೆಗೆ ಸೇರಿದುದೆಂದು ಬಹುಮಂದಿ ತಿಳಿದಿದ್ದರು. ವಾಸ್ತವವಾಗಿ ಅದು ವಿಶ್ವವಿದ್ಯಾನಿಲಯದ್ದು. ೧೯೬೪ರ ಸೆಪ್ಟೆಂಬರ್ ೧೪ರಂದು ವಿದ್ಯಾರ್ಥಿಗಳ ಡೀನ್ ಕ್ಯಾಥರಿನ್ ಟೌಲ್ ಅವರು ಇನ್ನು ಮುಂದೆ ಅಲ್ಲಿ ಇಂತಹ ಚಟುವಟಿಕೆಗೆ ಅವಕಾಶವಿಲ್ಲವೆಂದು ಸಂಘಗಳಿಗೆ ತಿಳಿಸಿದರು. ವಿದ್ಯಾರ್ಥಿಗಳು ಪ್ರತಿಭಟಿಸಿದರು. ತಿಂಗಳ ಕೊನೆಯಲ್ಲಿ ಎಂಟು ಮಂದಿ ವಿದ್ಯಾರ್ಥಿಗಳನ್ನು ಆಡಳಿತದವರು ಅಮಾನತಿನಲ್ಲಿಟ್ಟರು.

ಅಕ್ಟೋಬರ್ ೧ರಂದು ಜಾಕ್ ವೈನ್‌ಬರ್ಗ್ ಎಂಬವರನ್ನು ಪೊಲೀಸರು ಬಂಧಿಸಿ ಕಾರಿನಲ್ಲಿ ಕುಳ್ಳಿರಿಸಿದಾಗ ವಿದ್ಯಾರ್ಥಿಗಳು ಕಾರಿನ ಸುತ್ತ ಕುಳಿತುಬಿಟ್ಟರು. ಸುಮಾರು ೩೨ ಗಂಟೆಗಳ ಕಾಲ ಕಾರು ಕದಲಲಿಲ್ಲ. ಮರುದಿನ ಅಧ್ಯಕ್ಷ ಕ್ಲಾರ್ಕ್ ಕೆರ್ ಅವರಿಗೂ ವಿದ್ಯಾರ್ಥಿ ಪ್ರತಿನಿಧಿಗಳಿಗೂ ಒಪ್ಪಂದವಾಯಿತು. ಆದರೆ ಮಾತುಕತೆಗಳು ಫಲಿಸಲಿಲ್ಲ. ನವೆಂಬರ್ ಕೊನೆಯಲ್ಲಿ ಮುಂದಾಳುಗಳ ಮೇಲೆ ಹೊಸದಾಗಿ ಶಿಸ್ತಿನ ಕ್ರಮ ಹೂಡಲಾಯಿತು. ಡಿಸೆಂಬರ್ ೨ರಂದು ವಿದ್ಯಾರ್ಥಿಗಳು ಆಡಳಿತ ಕಚೇರಿಯಾದ ಸ್ಪ್ರೌಲ್ ಹಾಲಿನೊಳಗೆ ಕುಳಿತರು. ಗವರ್ನರ್ ಎಡ್ಮಂಡ್ ಬ್ರೌನ್ ಅವರ ಆಜ್ಞೆಯಂತೆ ಪೊಲೀಸರು ಮರುದಿನ ಸುಮಾರು ೮೦೦ ಜನರನ್ನು ಬಂಧಿಸಿದರು. ಡಿಸೆಂಬರ್ ೮ರಂದು ಅಧ್ಯಾಪಕರ ಸೆನೆಟ್ ಸಭೆಯು ೮೨೪ಕ್ಕೆ ೧೧೫ ಮತಗಳಿಂದ ಒಂದು ನಿರ್ಣಯವನ್ನು ಅಂಗೀಕರಿಸಿತು. ಭಾಷಣದ ಕಾಲ, ಸ್ಥಳ, ರೀತಿಗಳನ್ನು ವಿಶ್ವವಿದ್ಯಾನಿಲಯವು ಯುಕ್ತವಾಗಿ ನಿಯಂತ್ರಿಸಬಹುದು, ಅದರ ವಿಷಯವನ್ನು ನಿರ್ಬಂಧಿಸಬಾರದು ಎಂಬುದು ಅದರ ಸಾರ.

೩

ಈಗ ನಿರೂಪಣೆಯ ತೊಡಕುಗಳನ್ನು ನೋಡೋಣ. ಮೊದಲನೆಯದು ವಿವಾದದ ಹೆಸರು. ವಿದ್ಯಾರ್ಥಿಗಳು ತಮ್ಮ ಸಂಘಟನೆಯನ್ನು ‘ವಾಕ್‌ಸ್ವಾತಂತ್ರ್ಯ ಚಳವಳಿ’ ಎಂದು ಕರೆದುಕೊಂಡರು. ಆದರೆ ವಿವಾದವು ವಾಕ್‌ಸ್ವಾತಂತ್ರ್ಯವನ್ನು ಕುರಿತದ್ದು ಎಂಬುದೇ ಒಂದು ಪಕ್ಷದ ವಾದ. ರಾಜ್ಯದ ಸಂವಿಧಾನವು ವಿಶ್ವವಿದ್ಯಾನಿಲಯವನ್ನು ಎಲ್ಲ ರಾಜಕೀಯ ಪ್ರಭಾವದಿಂದ ಹೊರಗಿಡಬೇಕೆಂದು ವಿಧಿಸಿದೆ, ಆದುದರಿಂದ ಅದರ ನೆಲವನ್ನು ರಾಜಕೀಯ ಕಾರ್ಯಗಳಿಗೆ ನೆಲೆಯಾಗಿ ಬಿಡಲಾಗದು ಎಂಬುದು ಆಡಳಿತದ ವಾದವಾಗಿತ್ತು. ಹೆಸರನ್ನು ಬಿಡುವಂತಿಲ್ಲ, ಚರಿತ್ರೆಯಲ್ಲಿ ಅದು ನಿಂತಿದೆ. ಅದನ್ನು ಅಂಕಿತನಾಮವಾಗಿ ಬಳಸಿ, ವಿವಾದದ ವಸ್ತುವನ್ನು ಬೇರೆ ಮಾತಿನಲ್ಲಿ ಹೇಳುವುದೇ ಕ್ರಮ.

ಎರಡನೆಯದು ಆರಂಭ. ಪೊಲೀಸ್ ಕಾರಿನಿಂದ ಕಥೆಯನ್ನು ಆರಂಭಿಸಿದರೆ ವಿದ್ಯಾರ್ಥಿಗಳು ಕಾನೂನನ್ನು ಮೀರಿದವರಾಗಿ ತೋರುತ್ತಾರೆ. ಸೆಪ್ಟೆಂಬರ್ ೧೪ರ ಪತ್ರದಿಂದ ಆರಂಭಿಸಿದರೆ ಆಡಳಿತವು ಇದ್ದ ಸೌಕರ್ಯವನ್ನು ಕಿತ್ತುಕೊಂಡಂತೆ ತೋರುತ್ತದೆ. ಇನ್ನೂ ಹಿಂದಕ್ಕೆ ಹೋಗಿ, ಕಮ್ಯುನಿಸ್ಟ್ ಭಾಷಣಕಾರರ ಮೇಲಿದ್ದ ನಿಷೇಧವು ಕೆರ್ ಅವರ ಕಾಲದಲ್ಲಿಯೇ, ೧೯೬೩ರಲ್ಲಿ, ತೆಗೆಯಲ್ಪಟ್ಟಿತೆಂಬುದನ್ನು ಹೇಳಿದರೆ ಆಡಳಿತದ ಔದಾರ್ಯ ಕಾಣುತ್ತದೆ. ಮಾರಿಯೋ ಸಾವಿಯೊ ಮುಂತಾದವರು ೧೯೬೪ರ ಬೇಸಗೆಯಲ್ಲಿ ಮಿಸಿಸಿಪ್ಪಿಗೆ ಹೋಗಿ ಕರಿಯ ಜನರ ಮತದಾನದ ಹಕ್ಕಿಗಾಗಿ ದುಡಿದು ಬಂದಿದ್ದರೆಂಬುದನ್ನು ಹೇಳಿದರೆ ವಿದ್ಯಾರ್ಥಿಗಳ ಹಠದ ಕಾರಣ ಕಾಣುತ್ತದೆ. ಇವೆಲ್ಲವೂ ನಿಜವೇ. ಯಾವ ಆರಂಭವೂ ಪೂರ್ಣವಾಗಿ ತಟಸ್ಥವಲ್ಲ. ಆದುದರಿಂದ ಒಂದು ಪಕ್ಷದ ಪೂರ್ವಕಥೆಯನ್ನು ಹೇಳಿದವನು ಇನ್ನೊಂದರದನ್ನೂ ಹೇಳಲೇಬೇಕು.

ಮೂರನೆಯದು ಪದಗಳ ಆಯ್ಕೆ. ಡಿಸೆಂಬರ್ ೨ರ ಘಟನೆಯನ್ನು ಮೂರು ವಾಕ್ಯಗಳಲ್ಲಿ ಹೀಗೆ ಹೇಳಬಹುದು: ‘ವಿದ್ಯಾರ್ಥಿಗಳು ಕಚೇರಿಗೆ ಮುತ್ತಿಗೆ ಹಾಕಿದರು’, ‘ವಿದ್ಯಾರ್ಥಿಗಳು ಸತ್ಯಾಗ್ರಹ ಹೂಡಿದರು’, ‘ವಿದ್ಯಾರ್ಥಿಗಳು ಕಚೇರಿಯೊಳಗೆ ಕುಳಿತು, ಹೊರಡಬೇಕೆಂದು ಹೇಳಿದರೂ ಹೊರಡಲಿಲ್ಲ’. ಮೊದಲನೆಯದು ಶತ್ರುಸೈನ್ಯದ ನೆನಪನ್ನು ತರುತ್ತದೆ. ಎರಡನೆಯದು ಕನ್ನಡ ಓದುಗನಲ್ಲಿ ಗಾಂಧೀಜಿಯವರ ಪೂಜ್ಯಸ್ಮರಣೆಯನ್ನೆಬ್ಬಿಸಿ, ವಾದ ಮುಗಿಯುವ ಮೊದಲೇ ತೀರ್ಪನ್ನು ಕೊಟ್ಟುಬಿಡುತ್ತದೆ. ಅಮೆರಿಕದ ಹಕ್ಕುಗಳ ಚಳವಳಿಗೂ ಗಾಂಧೀಮಾರ್ಗಕ್ಕೂ ಸಂಬಂಧವಿದ್ದುದು ನಿಜ; ಆದರೆ ಆ ಸಂಬಂಧವನ್ನು ವಿವರಿಸಬೇಕೇ ಹೊರತು ಒಂದು ಪದದಲ್ಲಿ ಅಡಗಿಸಿಡಬಾರದು. ಮೂರನೆಯ ವಾಕ್ಯ ಸಪ್ಪೆಯಾಗಿದೆ. ಆದರೆ ಅದನ್ನು ಇಬ್ಬರೂ ಅಲ್ಲಗಳೆಯಲಾರರು.

ಕ್ರಿಯಾಪದಗಳಲ್ಲಿಯೂ ಇದೇ ಎಚ್ಚರ ಬೇಕು. ಅಧ್ಯಕ್ಷರು ‘ವಿವರಿಸಿದರು’, ವಿದ್ಯಾರ್ಥಿಗಳು ‘ಆರೋಪಿಸಿದರು’ ಎಂದು ಬರೆದರೆ ಮೊದಲನೆಯವರ ಮಾತು ಸತ್ಯವೆಂದೂ ಎರಡನೆಯವರದು ಸಂಶಯಾಸ್ಪದವೆಂದೂ ಸೂಚಿಸಿದಂತಾಯಿತು. ‘ಹೇಳಿದರು’ ಎಂಬ ಸಾಧಾರಣ ಪದವೇ ಇಬ್ಬರಿಗೂ ಸಾಕು. ‘ಬಲ ಪ್ರಯೋಗಿಸಲಾಯಿತು’ ಎಂಬ ಕರ್ಮಣಿ ಪ್ರಯೋಗವು ಯಾರು ಪ್ರಯೋಗಿಸಿದರೆಂಬುದನ್ನು ಮರೆಸುತ್ತದೆ. ಬಂಧಿತರು ಮೈ ಸಡಿಲಬಿಟ್ಟು ನಡೆಯಲೊಪ್ಪಲಿಲ್ಲ, ಪೊಲೀಸರು ಅವರನ್ನು ಮೆಟ್ಟಿಲುಗಳ ಮೇಲೆ ಎಳೆದು ತಂದರು ಎಂದು ಕರ್ತೃಪದಗಳೊಡನೆ ಬರೆದರೆ ಓದುಗನಿಗೆ ತಾನೇ ತೂಗಿನೋಡುವ ಅವಕಾಶ ದೊರೆಯುತ್ತದೆ.

ಇಲ್ಲಿ ಕನ್ನಡಕ್ಕೇ ವಿಶಿಷ್ಟವಾದ ಒಂದು ತೊಡಕುಂಟು. ಇಂಗ್ಲಿಷಿನಲ್ಲಿ ಅಧ್ಯಕ್ಷನಿಗೂ ವಿದ್ಯಾರ್ಥಿಗೂ ಒಂದೇ ಸರ್ವನಾಮ. ನಮ್ಮಲ್ಲಿ ಅಧ್ಯಕ್ಷರು ‘ಹೇಳಿದರು’, ವಿದ್ಯಾರ್ಥಿ ‘ಹೇಳಿದನು’ ಎಂದು ಲೇಖನಿ ತಾನಾಗಿಯೇ ಓಡುತ್ತದೆ. ವಯಸ್ಸಿನ ತಾರತಮ್ಯವನ್ನು ಗಮನಿಸುವ ಈ ಸೌಜನ್ಯ ನಿತ್ಯಜೀವನದಲ್ಲಿ ಸಹಜವೇ. ಆದರೆ ವಿವಾದದ ನಿರೂಪಣೆಯಲ್ಲಿ ಪ್ರತಿಯೊಂದು ವಾಕ್ಯದ ಕೊನೆಯಲ್ಲಿಯೂ ಒಂದು ಪಕ್ಷವನ್ನು ಮೇಲಕ್ಕೂ ಇನ್ನೊಂದನ್ನು ಕೆಳಕ್ಕೂ ಇರಿಸುತ್ತ ಹೋಗುತ್ತದೆ. ಇಬ್ಬರಿಗೂ ಬಹುವಚನ, ಇಲ್ಲವೆ ಇಬ್ಬರಿಗೂ ಏಕವಚನ: ಈ ಎರಡರಲ್ಲೊಂದನ್ನು ಆರಿಸಿಕೊಂಡು ಕೊನೆಯವರೆಗೂ ಪಾಲಿಸಬೇಕು. ಈ ಲೇಖನದಲ್ಲಿ ಎಲ್ಲರಿಗೂ ಬಹುವಚನವನ್ನೇ ಬಳಸಿರುವುದಕ್ಕೆ ಇದೇ ಕಾರಣ. ‘ಅಂತೆ’ ಎಂಬ ಪ್ರತ್ಯಯವೂ ಅಪಾಯಕಾರಿ. ಒಬ್ಬರ ಮಾತಿಗೆ ‘ಎಂದು’ ಹಚ್ಚಿ ಇನ್ನೊಬ್ಬರ ಮಾತಿಗೆ ‘ಅಂತೆ’ ಹಚ್ಚಿದರೆ ಅಪಹಾಸ್ಯಕ್ಕೆ ಬೇರೆ ಸಾಧನವೇ ಬೇಕಾಗಿಲ್ಲ.

೪

ಸಂಗತಿಗಳ ನಿಷ್ಕೃಷ್ಟತೆ ತಾಟಸ್ಥ್ಯದ ಅರ್ಧ ಭಾಗ. ವೈನ್‌ಬರ್ಗ್ ಅವರನ್ನು ‘ವಿದ್ಯಾರ್ಥಿ’ ಎಂದರೆ ವಿದ್ಯಾರ್ಥಿಗಳಿಗೆ ಅನುಕೂಲ, ‘ಹೊರಗಿನವರು’ ಎಂದರೆ ಆಡಳಿತಕ್ಕೆ ಅನುಕೂಲ. ಹಿಂದೆ ಅಲ್ಲಿಯೇ ಸ್ನಾತಕೋತ್ತರ ವ್ಯಾಸಂಗ ಮಾಡಿ, ಬಂಧನದ ವೇಳೆಗೆ ಬಿಟ್ಟಿದ್ದವರು ಎಂಬುದು ಸತ್ಯ. ಬಂಧಿತರ ಸಂಖ್ಯೆಯನ್ನು ಕೆಲವು ಗ್ರಂಥಗಳು ೭೭೩ ಎಂದೂ ಕೆಲವು ೮೦೦ಕ್ಕೆ ಮೇಲೆಂದೂ ಕೊಡುತ್ತವೆ. ತನಗೆ ಬೇಕಾದ ಸಂಖ್ಯೆಯನ್ನು ಆರಿಸಿಕೊಳ್ಳದೆ ‘ಸುಮಾರು ೮೦೦’ ಎನ್ನುವುದೇ ಪ್ರಾಮಾಣಿಕವಾದುದು. ಡಿಸೆಂಬರ್ ೨ರ ಭಾಷಣದಲ್ಲಿ ಸಾವಿಯೊ ಅವರು ವಿಶ್ವವಿದ್ಯಾನಿಲಯವನ್ನು ಯಂತ್ರಕ್ಕೆ ಹೋಲಿಸಿ, ಅದರ ಚಕ್ರಗಳಿಗೆ ತಮ್ಮ ದೇಹವನ್ನೇ ಅಡ್ಡವಾಗಿಟ್ಟು ನಿಲ್ಲಿಸಬೇಕೆಂದರು. ಇದನ್ನು ‘ವಿಶ್ವವಿದ್ಯಾನಿಲಯವನ್ನು ನಾಶಗೊಳಿಸಲು ಕರೆಕೊಟ್ಟರು’ ಎಂದು ಸಂಗ್ರಹಿಸುವುದು ತಪ್ಪು. ಯಂತ್ರವನ್ನು ನಿಲ್ಲಿಸುವ ಮಾತನ್ನು ಬಿಟ್ಟು ‘ಸುಧಾರಣೆಯನ್ನು ಬೇಡಿದರು’ ಎನ್ನುವುದೂ ಅಷ್ಟೇ ತಪ್ಪು.

ವಿವಾದದ ತಿರುಳು ಕಾಲಕ್ರಮದಲ್ಲಿ ಬದಲಾಗುವುದನ್ನೂ ಗಮನಿಸಬೇಕು. ಸೆಪ್ಟೆಂಬರಿನಲ್ಲಿ ಪ್ರಶ್ನೆ ಮೇಜುಗಳದ್ದು. ನವೆಂಬರ್ ೨೦ರಂದು ರೀಜೆಂಟರ ಮಂಡಲಿಯು ಕಾನೂನುಬದ್ಧವಾದ ಕಾರ್ಯಗಳಿಗಾಗಿ ಆವರಣದಲ್ಲಿ ಪ್ರಚಾರ ಮಾಡಲು ಅವಕಾಶವಿತ್ತಿತು. ಹೊರಗೆ ಕಾನೂನುಭಂಗವಾಗುವ ಪ್ರತಿಭಟನೆಗೆ ಒಳಗೆ ಕರೆಕೊಟ್ಟರೆ ವಿಶ್ವವಿದ್ಯಾನಿಲಯವು ಶಿಕ್ಷಿಸಬಹುದೆ ಎಂಬುದೇ ಆಮೇಲೆ ಉಳಿದ ಪ್ರಶ್ನೆ. ಶಿಕ್ಷಿಸುವ ಅಧಿಕಾರ ನ್ಯಾಯಾಲಯಕ್ಕೆ ಮಾತ್ರವೆಂದು ವಿದ್ಯಾರ್ಥಿಗಳು ಹೇಳಿದರು. ಇದನ್ನು ಬಿಟ್ಟು ‘ಸ್ವಾತಂತ್ರ್ಯಕ್ಕೂ ಶಿಸ್ತಿಗೂ ಸಂಘರ್ಷ’ ಎಂದು ಬರೆಯುವವನು ಪಕ್ಷಪಾತ ಮಾಡದಿದ್ದರೂ ಏನನ್ನೂ ತಿಳಿಸಿದಂತಾಗುವುದಿಲ್ಲ. ನಮ್ಮ ಸಂವಿಧಾನದ ೧೯ನೆಯ ಅನುಚ್ಛೇದವು ವಾಕ್‌ಸ್ವಾತಂತ್ರ್ಯವನ್ನು ಕೊಟ್ಟು, ಯುಕ್ತ ನಿರ್ಬಂಧಗಳ ಕಾರಣಗಳನ್ನೂ ಅಲ್ಲಿಯೇ ಎಣಿಸಿದೆ. ಅಮೆರಿಕದ ಮೊದಲನೆಯ ತಿದ್ದುಪಡಿಯಲ್ಲಿ ಅಂತಹ ಪಟ್ಟಿಯಿಲ್ಲ, ಮಿತಿಗಳನ್ನು ನ್ಯಾಯಾಲಯಗಳು ರೂಪಿಸಿವೆ. ನಮ್ಮ ಅಳತೆಗೋಲನ್ನು ಅಲ್ಲಿಗೆ ಒಯ್ಯುವುದೂ ಒಂದು ಬಗೆಯ ಪಕ್ಷಪಾತವೇ.

ತಾಟಸ್ಥ್ಯವೆಂದರೆ ಎರಡು ಪಕ್ಷಗಳಿಗೂ ಸಾಲುಗಳನ್ನು ಸಮನಾಗಿ ಹಂಚುವುದಲ್ಲ. ೮೨೪ಕ್ಕೆ ೧೧೫ ಎಂಬುದನ್ನು ‘ಅಧ್ಯಾಪಕರಲ್ಲಿ ಎರಡು ಅಭಿಪ್ರಾಯಗಳಿದ್ದವು’ ಎಂದು ಬರೆದರೆ ಅದು ಸಮತೋಲವಲ್ಲ, ಸುಳ್ಳು. ಆದರೆ ಆ ಮತಗಣನೆಯು ಅಧ್ಯಾಪಕರ ನಿಲುವನ್ನು ತಿಳಿಸುತ್ತದೆಯೇ ಹೊರತು ವಿದ್ಯಾರ್ಥಿಗಳ ಪ್ರತಿಯೊಂದು ಕಾರ್ಯವೂ ಸರಿಯೆಂದು ಸಾಧಿಸುವುದಿಲ್ಲ. ಬಂಧಿತರಲ್ಲಿ ಬಹುಮಂದಿಗೆ ೧೯೬೫ರಲ್ಲಿ ನ್ಯಾಯಾಲಯವು ಶಿಕ್ಷೆ ವಿಧಿಸಿತು ಎಂಬುದನ್ನೂ ಹೇಳಬೇಕು. ಅದು ಅವರ ಮೂಲ ಬೇಡಿಕೆ ಅಯುಕ್ತವೆಂದು ಸಾಧಿಸುವುದಿಲ್ಲ ಎಂಬುದನ್ನೂ ಹೇಳಬೇಕು. ಕೆರ್ ಅವರನ್ನು ೧೯೬೭ರಲ್ಲಿ ರೀಜೆಂಟರು ಅಧಿಕಾರದಿಂದ ತೆಗೆದರು. ಸಾವಿಯೊ ಅವರು ತೀರಿಕೊಂಡ ಮರುವರ್ಷ, ೧೯೯೭ರಲ್ಲಿ, ಸ್ಪ್ರೌಲ್ ಹಾಲಿನ ಮೆಟ್ಟಿಲುಗಳಿಗೆ ಅವರ ಹೆಸರನ್ನಿಡಲಾಯಿತು. ಕಾಲವು ಒಬ್ಬರನ್ನು ಕೆಳಗಿಳಿಸಿ ಇನ್ನೊಬ್ಬರನ್ನು ಗೌರವಿಸಿದುದರಿಂದ ೧೯೬೪ರ ವಾದಗಳ ಬಲಾಬಲ ಬದಲಾಗುವುದಿಲ್ಲ.

೫

ಇಷ್ಟು ಎಚ್ಚರ ಏತಕ್ಕೆಂದರೆ, ಇಂತಹ ವೃತ್ತಾಂತಗಳು ಕಡತಗಳಲ್ಲಿ ಸುಮ್ಮನೆ ಮಲಗಿರುವುದಿಲ್ಲ. ವಿದ್ಯಾರ್ಥಿಗಳು ಕೆಲವು ವರ್ಷಗಳಲ್ಲಿ ಹೊರಟುಹೋಗುತ್ತಾರೆ, ಬರಹ ಉಳಿಯುತ್ತದೆ. ಮುಂದಿನ ವಿವಾದದಲ್ಲಿ ನಿಯಮ ಮಾಡುವವರೂ ನಿಯಮವನ್ನು ವಿರೋಧಿಸುವವರೂ ಅದನ್ನೇ ಪೂರ್ವನಿದರ್ಶನವಾಗಿ ತೆರೆಯುತ್ತಾರೆ. ಒಂದೇ ಘಟನೆಗೆ ಆಡಳಿತದ್ದೊಂದು, ವಿದ್ಯಾರ್ಥಿಗಳದ್ದೊಂದು ಎಂದು ಎರಡು ಚರಿತ್ರೆಗಳಿದ್ದರೆ ಮಾತುಕತೆಗೆ ಬೇಕಾದ ಸಮಾನ ಭೂಮಿಯೇ ಇರುವುದಿಲ್ಲ. ತನ್ನ ಅಭಿಪ್ರಾಯವನ್ನು ಹೇಳಬಾರದೆಂದು ಲೇಖಕನಿಗೆ ಯಾರೂ ವಿಧಿಸಲಾರರು. ಅದನ್ನು ನಿರೂಪಣೆಯಿಂದ ಬೇರ್ಪಡಿಸಿ, ತನ್ನದೆಂದು ಸ್ಪಷ್ಟವಾಗಿ ಹೆಸರಿಸಿ ಹೇಳಿದರೆ ಸಾಕು. ಬರೆದು ಮುಗಿಸಿದ ಮೇಲೆ ಒಂದು ಪರೀಕ್ಷೆಯನ್ನು ಮಾಡಿಕೊಳ್ಳಬಹುದು: ಎರಡು ಪಕ್ಷಗಳ ಹೆಸರುಗಳನ್ನು ಅದಲುಬದಲು ಮಾಡಿ ಓದಿದಾಗ ಯಾವ ಪದ ಕಿವಿಗೆ ಕಟುವಾಗಿ ಕೇಳುವುದೋ ಆ ಪದವನ್ನು ತೆಗೆದುಹಾಕಬೇಕು.