ನೆಗೆಟಿವ್ ಬಂತು, ಹಾಗಾದ್ರೆ ನಿಶ್ಚಿಂತೆನಾ?

‘ಹತ್ತು ದಿನದ ಹಿಂದೆ ಒಂದು ಎಡವಟ್ಟಾಯ್ತು ಸರ್. ಇವತ್ತು ಎಚ್‌ಐವಿ ಟೆಸ್ಟ್ ಮಾಡಿಸಿದೆ, ನೆಗೆಟಿವ್. ಬಚಾವಾದೆ ಅಲ್ವಾ?’ ಇಂಥ ಪ್ರಶ್ನೆಗೆ ನನ್ನ ಉತ್ತರ: ಇಲ್ಲ ಸ್ವಾಮಿ, ಇನ್ನೂ ಹೇಳೋಕಾಗಲ್ಲ.

ನಾನು ಓದಿದ್ದು ಎಂಜಿನಿಯರಿಂಗ್. ಯಾವುದೇ ಅಳತೆ ಯಂತ್ರಕ್ಕೂ ಒಂದು ಮಿತಿ ಇರುತ್ತೆ. ಬೆರಳು ಚುಚ್ಚಿ ಮಾಡುವ ಸಾಮಾನ್ಯ ಟೆಸ್ಟ್ ಹುಡುಕೋದು ವೈರಸ್ಸನ್ನಲ್ಲ, ಅದರ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು. ಅವು ಪತ್ತೆಯಾಗಲು 23ರಿಂದ 90 ದಿನ ಬೇಕು. ಪ್ರತಿಕಾಯದ ಜೊತೆ ವೈರಸ್ಸಿನ ಪಿ24 ಪ್ರೋಟೀನನ್ನೂ ಹುಡುಕುವ ಲ್ಯಾಬ್ ಪರೀಕ್ಷೆಗೆ 18ರಿಂದ 45 ದಿನ. ವೈರಸ್ಸಿನ ಆರ್‌ಎನ್‌ಎಯನ್ನೇ ಹಿಡಿಯುವ ನ್ಯಾಟ್ ಪರೀಕ್ಷೆಗೂ 10ರಿಂದ 33 ದಿನ.

ಈ ಕಾಯುವ ಕಾಲವೇ ವಿಂಡೋ ಪೀರಿಯಡ್. ಅಪಾಯ ಇರೋದೂ ಇಲ್ಲೇ. ರಿಪೋರ್ಟ್ ನೆಗೆಟಿವ್ ಇದ್ದರೂ ಸೋಂಕು ಇನ್ನೊಬ್ಬರಿಗೆ ದಾಟಬಹುದು. ‘ಹೇಗೂ ರಕ್ತ ಟೆಸ್ಟ್ ಮಾಡ್ತಾರಲ್ಲ’ ಅಂತ ರಕ್ತದಾನಕ್ಕೆ ಮಾತ್ರ ಹೋಗಬೇಡಿ. ಆ ರಕ್ತ ಹೋಗೋದು ಯಾರದೋ ಮಗುವಿಗೆ, ಯಾವುದೋ ಬಾಣಂತಿಗೆ.

ಹಾಗಾದ್ರೆ ಏನ್ಮಾಡಬೇಕು? ಘಟನೆ ನಡೆದು 72 ಗಂಟೆ ದಾಟಿಲ್ಲವಾ? ಟೆಸ್ಟ್‌ಗೆ ದಿನ ಎಣಿಸಬೇಡಿ, ತಕ್ಷಣ ವೈದ್ಯರ ಹತ್ತಿರ ಓಡಿ. ಸೋಂಕು ತಡೆಯುವ 28 ದಿನದ ಮಾತ್ರೆ ಇದೆ. ದಾಟಿದೆಯಾ? ಸರ್ಕಾರಿ ಆಸ್ಪತ್ರೆಯ ಐಸಿಟಿಸಿ ಕೇಂದ್ರಕ್ಕೆ ಹೋಗಿ. ಪರೀಕ್ಷೆ ಉಚಿತ, ಗುಟ್ಟು ಕಾಪಾಡಬೇಕು ಅಂತ 2017ರ ಕಾಯ್ದೆಯೇ ಹೇಳುತ್ತೆ. ಅವರು ಹೇಳಿದ ದಿನ ಮತ್ತೆ ಹೋಗಿ ಟೆಸ್ಟ್ ಮಾಡಿಸಿ. ಅನುಮಾನ ಇದ್ದರೆ 1097ಕ್ಕೆ ಕರೆ ಮಾಡಿ.

ಪಾಸಿಟಿವ್ ಬಂದರೂ ಬದುಕು ಮುಗಿಯಲ್ಲ, ಚಿಕಿತ್ಸೆ ಇದೆ. ಮೊದಲ ನೆಗೆಟಿವ್ ನಂಬಿ ಸುಮ್ಮನಾದರೆ ಆ ಚಿಕಿತ್ಸೆ ತಡವಾಗುತ್ತೆ.